ಆಯ ಮತ್ತು ಅಂಕಣ: ವಾಸ್ತುಗ್ರಂಥಗಳ ಓದು ಹಾಗೂ ಜನಪದರ ಮನೆ

ಕನ್ನಡ ಜಾನಪದ ಅಧ್ಯಯನದಲ್ಲಿ ಮನೆಯನ್ನು ಕುರಿತ ಬರೆಹಗಳಿಗೆ ಕೊರತೆಯಿಲ್ಲ. ಗ್ರಾಮ ಅಧ್ಯಯನಗಳಲ್ಲಿ, ಬುಡಕಟ್ಟುಗಳನ್ನು ಕುರಿತ ಸಂಪ್ರಬಂಧಗಳಲ್ಲಿ, ಪ್ರಾದೇಶಿಕ ಸಮೀಕ್ಷೆಗಳಲ್ಲಿ 'ವಸತಿ' ಎಂಬ ಅಧ್ಯಾಯವೊಂದು ಕಡ್ಡಾಯವೆಂಬಂತೆ ಇರುತ್ತದೆ. ಗೋಡೆಯ ಮಣ್ಣು, ಚಾವಣಿಯ ಹುಲ್ಲು ಅಥವಾ ಹೆಂಚು, ಕೋಣೆಗಳ ಹೆಸರು, ಒಕ್ಕಲಾಗುವ ದಿನದ ಆಚರಣೆ ಇವೆಲ್ಲದರ ವಿವರಣೆ ಮುಗಿದ ಮೇಲೆ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ: ಜನಪದರು ತಮಗೆ ಅರಿವಿಲ್ಲದೆಯೇ ವಾಸ್ತುಶಾಸ್ತ್ರವನ್ನು ಅನುಸರಿಸುತ್ತ ಬಂದಿದ್ದಾರೆ. ಇದನ್ನು ಬರೆಯುವವರ ಉದ್ದೇಶ ಜನಪದರನ್ನು ಗೌರವಿಸುವುದೇ ಆಗಿದೆ. ಆದರೆ ಪರಿಣಾಮ ಬೇರೆ. ಮನೆ ಕಟ್ಟಿದವನ ತಿಳಿವಳಿಕೆ ಅವನದಾಗಿ ಉಳಿಯದೆ ಎಲ್ಲಿಯೋ ಇರುವ ಸಂಸ್ಕೃತ ಗ್ರಂಥವೊಂದರ ನೆರಳಾಗಿಬಿಡುತ್ತದೆ. ಇದಕ್ಕೆ ಪ್ರತಿಯಾಗಿ ಇನ್ನೊಂದು ಬಗೆಯ ವಿದ್ವಾಂಸರು ವಾಸ್ತುವೆಲ್ಲ ಪುರೋಹಿತಶಾಹಿಯ ಹೇರಿಕೆ, ಜನಪದರಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ವಾದಿಸುತ್ತಾರೆ. ಈ ಎರಡು ನಿಲುವುಗಳೂ ಗ್ರಂಥಗಳನ್ನು ತೆರೆದು ನೋಡುವ ಮೊದಲೇ ರೂಪುಗೊಂಡಂಥವು ಎಂಬುದು ನನ್ನ ಗ್ರಹಿಕೆ. ವಾಸ್ತುಗ್ರಂಥಗಳು ಮನೆಯ ಬಗ್ಗೆ ನಿಜವಾಗಿ ಹೇಳುವುದೇನು, ಅದರಲ್ಲಿ ಯಾವುದನ್ನು ಕರ್ನಾಟಕದ ಬಡಗಿಗಳೂ ಗಾರೆ ಕೆಲಸದವರೂ ತಮ್ಮದಾಗಿಸಿಕೊಂಡರು, ಇಂದು 'ವಾಸ್ತು' ಎಂಬ ಹೆಸರಿನಲ್ಲಿ ಚಲಾವಣೆಯಲ್ಲಿರುವುದು ಇವೆರಡರಲ್ಲಿ ಯಾವುದಕ್ಕೆ ಸೇರಿದ್ದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲನೆಯದಾಗಿ, ವಾಸ್ತುಶಾಸ್ತ್ರ ಎಂದು ಏಕವಚನದಲ್ಲಿ ಕರೆಯಬಹುದಾದ ಒಂದು ಗ್ರಂಥವಿಲ್ಲ. ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ವಾಸ್ತುವಿದ್ಯೆಗೆ ಮೀಸಲಾದುದು ಒಂದು ಅಧ್ಯಾಯ. ಭೋಜನ ಹೆಸರಿನಲ್ಲಿರುವ ಹನ್ನೊಂದನೆಯ ಶತಮಾನದ 'ಸಮರಾಂಗಣ ಸೂತ್ರಧಾರ'ದಲ್ಲಿ 83 ಅಧ್ಯಾಯಗಳು, ದಕ್ಷಿಣದ 'ಮಯಮತ'ದಲ್ಲಿ 36, 'ಮಾನಸಾರ'ದಲ್ಲಿ 70. ಈ ಅಧ್ಯಾಯಗಳಲ್ಲಿ ಹೆಚ್ಚಿನವು ದೇವಾಲಯ, ಅರಮನೆ, ಪಟ್ಟಣ, ವಿಗ್ರಹ, ಸಿಂಹಾಸನ ಇವುಗಳಿಗೆ ಸಂಬಂಧಿಸಿದವು. ಸಾಮಾನ್ಯ ಗೃಹಸ್ಥನ ಮನೆಗೆ ಸಿಕ್ಕಿರುವ ಪಾಲು ಚಿಕ್ಕದು. ಮನುಷ್ಯರ ಮನೆಯನ್ನೇ ವಿಷಯವಾಗಿಸಿಕೊಂಡ ಕೃತಿ ಎಂದರೆ ಹದಿನಾರನೆಯ ಶತಮಾನದ ಕೇರಳದ 'ಮನುಷ್ಯಾಲಯಚಂದ್ರಿಕೆ'. ಅದರ ಹೆಸರೇ ಈ ವ್ಯತ್ಯಾಸವನ್ನು ಸಾರುತ್ತದೆ. ಇವು ಅಚ್ಚಾಗಿ ಓದುಗರ ಕೈಗೆ ಬಂದದ್ದಾದರೂ ಇತ್ತೀಚೆಗೆ. ಮಯಮತವನ್ನು ಟಿ. ಗಣಪತಿಶಾಸ್ತ್ರಿಗಳು ತಿರುವನಂತಪುರದ ಗ್ರಂಥಮಾಲೆಯಲ್ಲಿ 1919ರಲ್ಲಿ ಪ್ರಕಟಿಸಿದರು; ಸಮರಾಂಗಣ ಸೂತ್ರಧಾರ ಬರೋಡದಿಂದ 1924-25ರಲ್ಲಿ ಹೊರಬಂದಿತು; ಪಿ.ಕೆ. ಆಚಾರ್ಯರ ಮಾನಸಾರದ ಅನುವಾದ 1934ರದು. ನಮ್ಮ ಹಳ್ಳಿಗಳ ನೂರೈವತ್ತು ವರ್ಷ ಹಳೆಯ ತೊಟ್ಟಿಮನೆಗಳನ್ನು ಕಟ್ಟಿದವರ ಕೈಯಲ್ಲಿ ಈ ಪುಸ್ತಕಗಳು ಇರಲಿಲ್ಲ ಎಂಬುದನ್ನು ಹೇಳಬೇಕಾಗಿ ಬಂದಿರುವುದೇ ವಿಚಿತ್ರ.

ಬೃಹತ್ಸಂಹಿತೆಯಲ್ಲಿ ಈ ವಿದ್ಯೆ ಕುಳಿತಿರುವ ಜಾಗವನ್ನು ಗಮನಿಸಬೇಕು. 53ನೆಯದು ವಾಸ್ತುವಿದ್ಯೆ, 54ನೆಯದು ನೆಲದಡಿಯ ನೀರನ್ನು ಹುಡುಕುವ ದಕಾರ್ಗಲ, 55ನೆಯದು ವೃಕ್ಷಾಯುರ್ವೇದ. ಮನೆ, ಬಾವಿ, ಗಿಡ ಇವು ಒಂದರ ಪಕ್ಕ ಒಂದು. ಹನ್ನೊಂದನೆಯ ಶತಮಾನದಲ್ಲಿ ಚಾಳುಕ್ಯರ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿಯೂ ವಾಸ್ತು, ಅಂತರ್ಜಲ, ವೃಕ್ಷಾಯುರ್ವೇದ, ಅಡುಗೆ, ವೈದ್ಯ ಇವೆಲ್ಲ ಒಂದೇ ಹೊದಿಕೆಯೊಳಗೆ ಸೇರಿವೆ. ಬದುಕಿಗೆ ಬೇಕಾದ ತಿಳಿವಳಿಕೆಗಳ ಸಾಲಿನಲ್ಲಿ ಮನೆಯೂ ಒಂದು ಎಂಬ ಈ ಕಲ್ಪನೆ, ಮನೆಯ ಬಾಗಿಲಿನ ದಿಕ್ಕೇ ಒಡೆಯನ ಹಣೆಬರಹವನ್ನು ತೀರ್ಮಾನಿಸುತ್ತದೆ ಎಂಬ ಇಂದಿನ ಕಲ್ಪನೆಗಿಂತ ಬಹಳ ದೂರದ್ದು. ಗ್ರಂಥಗಳಲ್ಲಿ ಶುಭಾಶುಭ ಫಲಗಳೇ ಇಲ್ಲವೆಂದು ಇದರ ಅರ್ಥವಲ್ಲ, ಬೇಕಾದಷ್ಟಿವೆ. ಮೂರು ಶಾಲೆಗಳ ಮನೆಯಲ್ಲಿ ಉತ್ತರದ ಶಾಲೆ ಇಲ್ಲದಿದ್ದರೆ 'ಹಿರಣ್ಯನಾಭ', ಪೂರ್ವದ್ದು ಇಲ್ಲದಿದ್ದರೆ 'ಸುಕ್ಷೇತ್ರ', ಇವೆರಡೂ ಒಳ್ಳೆಯವು. ದಕ್ಷಿಣದ್ದು ಇಲ್ಲದ 'ಚುಲ್ಲಿ'ಯೂ ಪಶ್ಚಿಮದ್ದು ಇಲ್ಲದ 'ಪಕ್ಷಘ್ನ'ವೂ ಕೆಟ್ಟವು ಎಂದು ವರಾಹಮಿಹಿರ ಹೇಳುತ್ತಾನೆ. ದೇವರಮನೆ ಈಶಾನ್ಯದಲ್ಲಿ, ಅಡುಗೆಮನೆ ಆಗ್ನೇಯದಲ್ಲಿ ಎಂಬ ಇಂದಿನ ಪ್ರಸಿದ್ಧ ನಿಯಮವೂ ಅಲ್ಲಿದೆ. ಆದರೆ ಅದು ಅಧ್ಯಾಯದ ಕೊನೆಯ ಭಾಗದಲ್ಲಿ ಒಂದು ಶ್ಲೋಕದಲ್ಲಿ ಮುಗಿದುಹೋಗುತ್ತದೆ. ಅಧ್ಯಾಯ ಆರಂಭವಾಗುವುದೂ ಬಹುದೂರ ಸಾಗುವುದೂ ಅಳತೆಗಳ ಮೇಲೆ.

ಈ ಅಳತೆಗಳು ಮನುಷ್ಯರ ಅಂತಸ್ತಿನ ಅಳತೆಗಳು ಎಂಬುದನ್ನು ವಾಸ್ತುವಿನ ಇಂದಿನ ಪ್ರತಿಪಾದಕರು ಎಲ್ಲಿಯೂ ಹೇಳುವುದಿಲ್ಲ. ಬೃಹತ್ಸಂಹಿತೆಯ ಪ್ರಕಾರ ರಾಜನ ಅತ್ಯುತ್ತಮ ಮನೆಯ ಅಗಲ 108 ಹಸ್ತ, ಉದ್ದ ಅದಕ್ಕಿಂತ ಕಾಲುಭಾಗ ಹೆಚ್ಚು. ಬ್ರಾಹ್ಮಣನಿಗೆ ಹೆಚ್ಚೆಂದರೆ 32 ಹಸ್ತ ಅಗಲ, ಕ್ಷತ್ರಿಯನಿಗೆ 28, ವೈಶ್ಯನಿಗೆ 24, ಶೂದ್ರನಿಗೆ 20. ಉದ್ದವು ಕ್ರಮವಾಗಿ ಅಗಲಕ್ಕಿಂತ ಹತ್ತನೇ ಒಂದು, ಎಂಟನೇ ಒಂದು, ಆರನೇ ಒಂದು, ನಾಲ್ಕನೇ ಒಂದು ಪಾಲು ಹೆಚ್ಚಿರಬೇಕು. ನಾಲ್ಕು ವರ್ಣಗಳಿಗೂ ಕನಿಷ್ಠ ಮಿತಿ 16 ಹಸ್ತ. ಅದಕ್ಕೂ ಕಡಿಮೆಯದು 'ಅತಿಹೀನ'ರಿಗೆ. ನೆಲವನ್ನು ಆರಿಸುವಾಗಲೂ ಬಿಳಿ, ಕೆಂಪು, ಹಳದಿ, ಕಪ್ಪು ಮಣ್ಣುಗಳು ನಾಲ್ಕು ವರ್ಣಗಳಿಗೆ ಹಂಚಿಹೋಗಿವೆ. ಮಯಮತದಲ್ಲಿ ಚಂಡಾಲರ ಗುಡಿಸಲುಗಳಿಗೆ ಊರಿನ ಹೊರಗೆ ಜಾಗ. ಹಸ್ತವನ್ನು ಸುಮಾರು ಒಂದೂವರೆ ಅಡಿಯೆಂದು ಹಿಡಿದರೆ 16 ಹಸ್ತವೆಂದರೆ 24 ಅಡಿ. ನಗರದ 20×30 ಅಡಿಯ ನಿವೇಶನದಲ್ಲಿ ಸಾಲ ಮಾಡಿ 'ವಾಸ್ತು ಪ್ರಕಾರ' ಕಟ್ಟಿಸಿದ ಮನೆಯ ಒಡೆಯ, ಅವನು ಯಾವ ಜಾತಿಯವನೇ ಆಗಿರಲಿ, ಆ ಶಾಸ್ತ್ರದ ಕಣ್ಣಿನಲ್ಲಿ ಅತಿಹೀನರ ಸಾಲಿಗೆ ಸೇರುತ್ತಾನೆ. ಇದನ್ನು ಲೇವಡಿಗಾಗಿ ಹೇಳುತ್ತಿಲ್ಲ. ಶಾಸ್ತ್ರವನ್ನು ಪ್ರಮಾಣವೆಂದು ಉಲ್ಲೇಖಿಸುವವರು ಅದರ ಮೊದಲ ಮಾತನ್ನು ಬಿಟ್ಟು ಕೊನೆಯ ಮಾತನ್ನು ಮಾತ್ರ ಎತ್ತಿಕೊಂಡರೆ, ಆ ಆಯ್ಕೆಯ ಹಿಂದಿನ ಕಾರಣವನ್ನು ಕೇಳುವುದು ವಿಮರ್ಶೆಯ ಕೆಲಸ.

ಇನ್ನು ಆಯದ ಲೆಕ್ಕ. ಕರ್ನಾಟಕದ ಹಳ್ಳಿಗಳಲ್ಲಿ ಮನೆಗೆಲಸದವರ ಬಾಯಲ್ಲಿ ಇಂದಿಗೂ ಉಳಿದಿರುವ ಶಾಸ್ತ್ರದ ಮಾತು ಎಂದರೆ ಇದೇ: ಧ್ವಜಾಯ, ಸಿಂಹಾಯ, ವೃಷಭಾಯ, ಗಜಾಯ. ಮನೆಯ ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆಯ. ಹದಿನೈದನೆಯ ಶತಮಾನದಲ್ಲಿ ಮೇವಾಡದ ಸೂತ್ರಧಾರ ಮಂಡನ ರಚಿಸಿದ 'ರಾಜವಲ್ಲಭ'ದಂತಹ ಕೃತಿಗಳಲ್ಲಿ ಈ ಕ್ರಮವಿದೆ. ಕೆಲವು ಕೈಪಿಡಿಗಳು ಗುಣಲಬ್ಧವನ್ನು ಮತ್ತೆ ಒಂಬತ್ತರಿಂದ ಗುಣಿಸಿ ಎಂಟರಿಂದ ಭಾಗಿಸಲು ಹೇಳುತ್ತವೆ. ಶೇಷ ಮಾತ್ರ ಬದಲಾಗುವುದಿಲ್ಲ. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಕ. ಬೆಸಸಂಖ್ಯೆಯವು ಶುಭ, ಸಮಸಂಖ್ಯೆಯವು ಅಶುಭ. ಉದಾಹರಣೆಗೆ 27 ಉದ್ದ, 19 ಅಗಲದ ಮನೆಯಲ್ಲಿ ಗುಣಲಬ್ಧ 513, ಶೇಷ ಒಂದು, ಧ್ವಜಾಯ. 24 ಉದ್ದ, 20 ಅಗಲವಾದರೆ 480, ಶೇಷವಿಲ್ಲ, ಕಾಕಾಯ. ಅದನ್ನೇ 25 ಮತ್ತು 21 ಮಾಡಿದರೆ 525, ಶೇಷ ಐದು, ವೃಷಭಾಯ.

ಈ ಲೆಕ್ಕವನ್ನು ಬೃಹತ್ಸಂಹಿತೆಯ ಅಳತೆಗಳಿಗೇ ಹಾಕಿ ನೋಡಿದರೆ ಏನಾಗುತ್ತದೆ? ವೈಶ್ಯನ ಮನೆ 24 ಅಗಲ, 28 ಉದ್ದ, ಗುಣಲಬ್ಧ 672, ಕಾಕಾಯ. ಶೂದ್ರನದು 20 ಮತ್ತು 25, 500, ಶೇಷ ನಾಲ್ಕು, ಶ್ವಾನಾಯ. ಕ್ಷತ್ರಿಯನದು 28 ಮತ್ತು 31½, 882, ಶೇಷ ಎರಡು, ಧೂಮಾಯ. ರಾಜನ ಅರಮನೆ 108 ಮತ್ತು 135; 14,580; ಶೇಷ ನಾಲ್ಕು. ಅಂದರೆ ವರಾಹಮಿಹಿರ ಶ್ರೇಷ್ಠವೆಂದು ವಿಧಿಸಿದ ಅರಮನೆ, ನಂತರದ ಶಾಸ್ತ್ರದ ಪ್ರಕಾರ ನಾಯಿಯ ಆಯಕ್ಕೆ ಬೀಳುತ್ತದೆ. ಹಸ್ತವನ್ನು 24 ಅಂಗುಲಗಳಾಗಿ ಬಿಡಿಸಿದರೆ ಪರಿಸ್ಥಿತಿ ಸುಧಾರಿಸುವುದಿಲ್ಲ. 24 ಎಂಟರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಇಡೀ ಹಸ್ತಗಳ ಯಾವ ಮನೆಗಾದರೂ ಶೇಷ ಉಳಿಯದು. ದಕ್ಷಿಣದ ಯೋನಿ ಗಣಿತ ಮತ್ತೂ ಬೇರೆ. ಕೇರಳದ ರೂಢಿಯಲ್ಲಿ ಸುತ್ತಳತೆಯನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಉದ್ದಗಲಗಳೆರಡೂ ಪೂರ್ಣಸಂಖ್ಯೆಗಳಾದರೆ ಸುತ್ತಳತೆ ಯಾವಾಗಲೂ ಸಮಸಂಖ್ಯೆಯೇ ಆಗುವುದರಿಂದ ಅಲ್ಲಿ ಶುಭಯೋನಿ ಬರಬೇಕಾದರೆ ಅಳತೆಯಲ್ಲಿ ಭಿನ್ನರಾಶಿ ಇರಲೇಬೇಕು. ಒಂದು ಕ್ರಮದಲ್ಲಿ ಶುಭವಾದ ಮನೆ ಇನ್ನೊಂದರಲ್ಲಿ ಅಶುಭ. ಶಾಸ್ತ್ರವು ಅನಾದಿ, ಅಖಂಡ, ಏಕರೂಪಿ ಎಂಬ ನಂಬಿಕೆಯನ್ನು ಅಲ್ಲಗಳೆಯಲು ಹೊರಗಿನ ಯಾವ ಸಿದ್ಧಾಂತವೂ ಬೇಕಿಲ್ಲ, ಗುಣಾಕಾರ ಭಾಗಾಕಾರಗಳೇ ಸಾಕು.

ಆದರೆ ಮನೆಗೆಲಸದವನ ದೃಷ್ಟಿಯಿಂದ ಇದೇ ಲೆಕ್ಕ ಬೇರೆಯಾಗಿ ಕಾಣುತ್ತದೆ. ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸವೇ ಬರುತ್ತದೆ. ಎಂಟರಿಂದ ಭಾಗಿಸಿದಾಗ ಶೇಷವೂ ಬೆಸವೇ. ಎರಡರಲ್ಲಿ ಒಂದು ಸಮವಾದರೂ ಆಯ ಕೆಡುತ್ತದೆ. ಹಾಗಾಗಿ ಎಂಟು ಆಯಗಳ ಪಟ್ಟಿ, ಅವುಗಳ ಫಲ, ಭಾಗಾಕಾರ ಇವನ್ನೆಲ್ಲ ಬದಿಗಿಟ್ಟು 'ಉದ್ದಗಲ ಎರಡೂ ಬೆಸ ಇರಲಿ' ಎಂಬ ಒಂದೇ ಮಾತನ್ನು ನೆನಪಿಟ್ಟುಕೊಂಡವನು ಎಂದೂ ತಪ್ಪುವುದಿಲ್ಲ. ಅಕ್ಷರ ಬಾರದವನಿಗೂ ಇದು ಸಾಧ್ಯ. ಕನ್ನಡದಲ್ಲಿ ಆಯ ಎಂಬ ಶಬ್ದದ ಬಳಕೆಯೂ ಈ ದಿಕ್ಕಿನಲ್ಲಿದೆ. ಸಂಸ್ಕೃತ ಗ್ರಂಥದಲ್ಲಿ ಆಯಕ್ಕೆ ಜೋಡಿ ವ್ಯಯ. ಅದು ಬರವು, ಇದು ಖರ್ಚು. ಕನ್ನಡಿಗ ಆಯ ಎಂದಾಗ ಅವನ ಮನಸ್ಸಿನಲ್ಲಿರುವುದು ಹದ, ಸಮತೋಲ. ಆಯ ತಪ್ಪಿ ಬಿದ್ದ ಎನ್ನುತ್ತೇವೆ, ಆಯಕಟ್ಟಿನ ಜಾಗ ಎನ್ನುತ್ತೇವೆ. ಹಳೆಯ ಮನೆಯೊಂದನ್ನು ನೋಡಿ 'ಆಯ ಸರಿಯಾಗಿ ಕೂತಿದೆ' ಎಂದು ಬಡಗಿ ಮೆಚ್ಚಿಕೊಂಡರೆ ಅವನು ಒಡೆಯನ ಆದಾಯದ ಮಾತನಾಡುತ್ತಿಲ್ಲ.

ಜನಪದರ ಮನೆಯ ನಿಜವಾದ ಅಳತೆಗೋಲು ಹಸ್ತವಲ್ಲ, ಅಂಕಣ. ಎರಡು ತೊಲೆಗಳ ಅಥವಾ ಎರಡು ಕಂಬಸಾಲುಗಳ ನಡುವಿನ ಜಾಗವೇ ಅಂಕಣ. ಮೂರಂಕಣದ ಮನೆ, ಐದಂಕಣದ ಮನೆ, ಏಳಂಕಣದ ಮನೆ ಎಂದು ಮನೆಯ ಗಾತ್ರವನ್ನು ಹೇಳುವ ರೂಢಿ ನಮ್ಮ ಬಹುಭಾಗದಲ್ಲಿದೆ. ಅಂಕಣದ ಉದ್ದವನ್ನು ತೀರ್ಮಾನಿಸುವುದು ಮರ. ಮಲೆನಾಡಿನಲ್ಲಿ ಹೊನ್ನೆ, ಮತ್ತಿ, ಹಲಸು ನೇರವಾಗಿ ಉದ್ದಕ್ಕೆ ಸಿಗುವುದರಿಂದ ಅಲ್ಲಿಯ ಅಂಕಣ ದೊಡ್ಡದು. ಬಯಲುಸೀಮೆಯ ಬೇವು, ಜಾಲಿಯ ತುಂಡುಗಳಿಗೆ ಅಷ್ಟು ಚಾಚು ಇಲ್ಲ, ಮೇಲೆ ಮಣ್ಣಿನ ಮಾಳಿಗೆಯ ಭಾರ ಬೇರೆ, ಹಾಗಾಗಿ ಅಲ್ಲಿ ಜಂತಿಗಳು ಒತ್ತೊತ್ತಾಗಿ ಬಂದು ಅಂಕಣ ಕಿರಿದಾಗುತ್ತದೆ. ಮನೆಯ ಗಾತ್ರ ಜಾತಿಯಿಂದ, ಶಾಸ್ತ್ರದಿಂದ ನಿರ್ಧಾರವಾಗುವ ಮೊದಲು ಕಾಡಿನಿಂದ, ಎತ್ತಿನ ಗಾಡಿ ಹೊರಬಲ್ಲ ತೊಲೆಯಿಂದ ನಿರ್ಧಾರವಾಗುತ್ತದೆ. ಅಂಕಣಗಳ ಎಣಿಕೆಯಲ್ಲಿ ಬೆಸಸಂಖ್ಯೆಗೆ ಇರುವ ಒಲವೂ ಗಮನಾರ್ಹ. ಅಂಕಣ ಬೆಸವಾದರೆ ಕಂಬಸಾಲುಗಳು ಸಮವಾಗುತ್ತವೆ, ಮನೆಯ ನಡುವೆ ಕಂಬ ಬರುವುದಿಲ್ಲ. ತಲೆಬಾಗಿಲು, ನಡುಮನೆಯ ಬಾಗಿಲು, ಹಿತ್ತಿಲ ಬಾಗಿಲು ಒಂದೇ ನೇರಕ್ಕೆ ಬಂದು ಗಾಳಿ ಹಾದುಹೋಗುತ್ತದೆ. ವಾಸ್ತುಗ್ರಂಥಗಳಲ್ಲಿ ಮರ್ಮಸ್ಥಾನಗಳ ಮೇಲೆ ಕಂಬ ನಿಲ್ಲಬಾರದೆಂಬ ನಿಯಮವಿದೆ. ಬಡಗಿ ಆ ನಿಯಮವನ್ನು ಕೇಳಿ ಬೆಸ ಅಂಕಣ ಇಟ್ಟನೋ, ಬೆಸ ಅಂಕಣಗಳ ಕಟ್ಟಡಗಳನ್ನು ಕಂಡು ಗ್ರಂಥಕಾರ ನಿಯಮ ಬರೆದನೋ ಎಂಬ ಪ್ರಶ್ನೆಯನ್ನು ನಾವು ಕೇಳಿಯೇ ಇಲ್ಲ. ಮೊದಲನೆಯದೇ ಸತ್ಯವೆಂದು ಭಾವಿಸಿ ಮುಂದೆ ಹೋಗಿದ್ದೇವೆ.

ಎರಡನೆಯದು ಅಸಂಭವವಲ್ಲ ಎಂಬುದಕ್ಕೆ ಗ್ರಂಥಗಳ ಪರಿಭಾಷೆಯೇ ಸಾಕ್ಷಿ. ಕಂಬದ ತಲೆಯ ಮೇಲೆ ತೊಲೆಯನ್ನು ಹೊರುವ ಭಾಗಕ್ಕೆ ನಮ್ಮ ಆಚಾರಿಗಳು ಬೋದಿಗೆ ಎನ್ನುತ್ತಾರೆ, ತಮಿಳಿನಲ್ಲಿ ಪೋದಿಗೈ. ಮಯಮತದಲ್ಲಿ ಅದು 'ಪೋತಿಕಾ'. ಇಂತಹ ಶಬ್ದ ಕಾರ್ಯಾಗಾರದಿಂದ ಗ್ರಂಥಕ್ಕೆ ಹೋದದ್ದೆಂದು ಭಾವಿಸುವುದೇ ಸಹಜ. ಈ ವಿಷಯದಲ್ಲಿ ಬೆಂಗಳೂರಿಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬೆಂಗಳೂರಿನಲ್ಲಿ ನ್ಯಾಯಾಧಿಕಾರಿಯಾಗಿದ್ದ ರಾಮ್ ರಾಜ್, ಹಿಂದೂ ವಾಸ್ತುಶಿಲ್ಪವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ರಾಯಲ್ ಏಷಿಯಾಟಿಕ್ ಸೊಸೈಟಿ 1834ರಲ್ಲಿ, ಅವರ ಮರಣಾನಂತರ, ಲಂಡನ್ನಿನಲ್ಲಿ ಪ್ರಕಟಿಸಿತು. ಆಧುನಿಕ ಕಾಲದಲ್ಲಿ ಶಿಲ್ಪಗ್ರಂಥಗಳ ಮೊದಲ ವ್ಯವಸ್ಥಿತ ಅಧ್ಯಯನ ಅದು. ರಾಮ್ ರಾಜ್ ಎದುರಿಸಿದ ತೊಡಕು ಸ್ವಾರಸ್ಯಕರವಾದುದು. ಮಾನಸಾರದ ಹಸ್ತಪ್ರತಿಯ ಭಾಗಗಳು ದೊರೆತವು, ಆದರೆ ಸಂಸ್ಕೃತ ಪಂಡಿತರಿಗೆ ಅದರ ಪಾರಿಭಾಷಿಕ ಪದಗಳು ಅರ್ಥವಾಗಲಿಲ್ಲ. ಕೊನೆಗೆ ಕೆಲಸ ಬಲ್ಲ ಶಿಲ್ಪಿಯ ನೆರವಿನಿಂದಲೇ ಆ ಪದಗಳು ತೆರೆದುಕೊಂಡವು. ಗ್ರಂಥವನ್ನು ಓದಬಲ್ಲವನಿಗೆ ಕಟ್ಟಡ ಗೊತ್ತಿಲ್ಲ, ಕಟ್ಟಡ ಬಲ್ಲವನಿಗೆ ಗ್ರಂಥ ಬೇಕಿಲ್ಲ. ಇಂದು ವಾಸ್ತು ಸಲಹೆಗಾರ ಮನೆಗೆ ಬಂದು ಗಾರೆ ಕೆಲಸದವನನ್ನು ಬದಿಗೆ ಸರಿಸಿ ಅಪ್ಪಣೆ ಕೊಡುವಾಗ ಈ ಪ್ರಸಂಗ ತಲೆಕೆಳಗಾಗಿ ಮರುಕಳಿಸುತ್ತದೆ.

ವಾಸ್ತುಪುರುಷ ಮಂಡಲದ ಬಗೆಗಿನ ಚರ್ಚೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಭೂಮ್ಯಾಕಾಶಗಳನ್ನು ತಡೆದು ನಿಂತ ಭೂತವೊಂದನ್ನು ದೇವತೆಗಳು ಹಿಡಿದು ಕವುಚಿ ಕೆಡವಿದರು, ಯಾವ ಅಂಗವನ್ನು ಯಾರು ಹಿಡಿದರೋ ಅದಕ್ಕೆ ಅವರೇ ಒಡೆಯರಾದರು ಎಂಬ ಕಥೆ ಪ್ರಸಿದ್ಧ. ನೆಲವನ್ನು 81 ಅಥವಾ 64 ಪದಗಳಾಗಿ ಭಾಗಿಸಿ 45 ದೇವತೆಗಳನ್ನು ಕೂರಿಸುವ ಈ ಮಂಡಲವೇ ಭಾರತೀಯ ಕಟ್ಟಡಗಳ ಮೂಲ ನಕ್ಷೆ ಎಂಬ ಅಭಿಪ್ರಾಯ, ಸ್ಟೆಲ್ಲಾ ಕ್ರಾಮ್ರಿಷ್ ಅವರ 1946ರ ದೇವಾಲಯ ಕುರಿತ ಗ್ರಂಥದ ನಂತರ ವ್ಯಾಪಕವಾಯಿತು. 2000ದಲ್ಲಿ ಸೋನಿತ್ ಬಾಫ್ನಾ ಇದನ್ನು ಪ್ರಶ್ನಿಸಿ, ಮಂಡಲವು ಕಟ್ಟಡದ ವಿನ್ಯಾಸವನ್ನು ಆಳುವ ಸಾಧನವಾಗಿತ್ತೆಂಬುದಕ್ಕೆ ಆಧಾರ ದುರ್ಬಲವೆಂದು ತೋರಿಸಿದರು. ನನಗೆ ಈ ವಾದ ಸಮ್ಮತ. ಮಂಡಲ ಬಲಿ ಹಾಕುವ ದಿನದ ನಕ್ಷೆ, ಗೋಡೆ ಏಳಿಸುವ ದಿನದ್ದಲ್ಲ. ಹಳ್ಳಿಯಲ್ಲಿ ಪುರೋಹಿತರು ವಾಸ್ತುಶಾಂತಿ ಮಾಡುವುದು ಮನೆ ಕಟ್ಟಿ ಮುಗಿದ ಮೇಲೆ ಎಂಬ ಸರಳ ಸಂಗತಿಯೂ ಇದನ್ನೇ ಹೇಳುತ್ತದೆ.

ಆದರೂ ನಮ್ಮಲ್ಲಿ ತೊಟ್ಟಿಮನೆಯ ಪ್ರಸ್ತಾಪ ಬಂದ ಕೂಡಲೇ ಚತುಶ್ಶಾಲೆಯೂ ಬ್ರಹ್ಮಸ್ಥಾನವೂ ಬಂದುಬಿಡುತ್ತವೆ. ತೊಟ್ಟಿ ಎಂಬುದು ನೀರಿನ ಶಬ್ದ. ನಾಲ್ಕು ಕಡೆಯ ಸೂರುಗಳಿಂದ ಇಳಿದ ಮಳೆ ಬೀಳುವ ತಗ್ಗಾದ ಜಾಗ ಅದು. ಭತ್ತ ಒಣಗಿಸಲು, ಪಾತ್ರೆ ತೊಳೆಯಲು, ಮದುವೆಯ ದಿನ ಚಪ್ಪರ ಹಾಕಲು ಅದೇ ಜಾಗ. ಅಗಲವಾದ ಮನೆಯ ಒಳಕೋಣೆಗಳಿಗೆ ಬೆಳಕು ಬರುವ ದಾರಿಯೂ ಅದೇ. ಈ ಯಾವುದೂ ಬ್ರಹ್ಮನ ಪದಕ್ಕೆ ವಿಧಿಸಿದ ಶುಚಿತ್ವಕ್ಕೆ ಒಪ್ಪುವಂಥದಲ್ಲ. ಉತ್ತರ ಕರ್ನಾಟಕದ ಮನೆಯನ್ನು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ತಲೆಬಾಗಿಲು ದಾಟಿದ ಕೂಡಲೇ ಕೆಳಗೆ ದನಗಳ ಜಾಗ, ಅದಕ್ಕಿಂತ ಮೇಲೆ ಎತ್ತರಿಸಿದ ಪಡಸಾಲೆ, ಆಮೇಲೆ ಒಳಕೋಣೆ, ನೆಲದಡಿಯಲ್ಲಿ ಕಾಳು ತುಂಬುವ ಹಗೇವು, ಮಾಳಿಗೆಯಲ್ಲಿ ಬೆಳಕಿಂಡಿ. ಎತ್ತು ಮನೆಯ ಒಳಗೇ ಇರಬೇಕು, ಮಲಗಿದವನ ಕಣ್ಣಳತೆಯಲ್ಲಿರಬೇಕು ಎಂಬ ರೈತನ ಆತಂಕವೇ ಈ ವಿನ್ಯಾಸದ ಕೀಲಿ. ಜಗಲಿ ಎಂಬ ಒಂದೇ ಶಬ್ದ ಮಲೆನಾಡಿನಲ್ಲಿ ಬಂದವರು ಕೂರುವ ಕಟ್ಟೆಯಾಗಿ, ಉತ್ತರದಲ್ಲಿ ದೇವರನ್ನು ಕೂರಿಸುವ ಕಟ್ಟೆಯಾಗಿ ಬಳಕೆಯಾಗುವುದು ಗಮನಿಸತಕ್ಕದ್ದು. ಕೊಡವರ ಐನ್‌ಮನೆಯಲ್ಲಿ ಮನೆಯ ಕೇಂದ್ರ ದೀಪ ಉರಿಯುವ ನೆಲ್ಲಕ್ಕಿ ನಡುಬಾಡೆ, ಹೊರಗೆ ಹಿರಿಯರಿಗಾಗಿ ಕೈಮಡ. ಅಲ್ಲಿ ಮನೆಯನ್ನು ಕಾಯುವವರು ಒಕ್ಕದ ಕಾರಣವರೇ ಹೊರತು ನಲವತ್ತೈದು ಪದದೇವತೆಗಳಲ್ಲ.

ಇನ್ನೊಂದು ಮೌನವನ್ನೂ ಹೆಸರಿಸಬೇಕು. ಗ್ರಂಥಗಳು ಮಾತನಾಡಿಸುವುದು ಗಂಡಸಾದ ಗೃಹಸ್ಥನನ್ನು. ಅಡುಗೆಮನೆಗೆ ದಿಕ್ಕು ಹೇಳಿದವರು ಒಲೆಯ ಬಗ್ಗೆ ಹೇಳಿಲ್ಲ. ಒಲೆ ಹಾಕುವುದು, ಎಷ್ಟು ಕಣ್ಣಿನ ಒಲೆ, ಹೊಗೆ ಯಾವ ಕಡೆಗೆ ಹೋಗಬೇಕು, ಕೂತಲ್ಲಿಂದ ಕೈಗೆ ಏನೇನು ಎಟಕಬೇಕು, ಸಗಣಿ ಸಾರಿಸಿದ ನೆಲದ ಇಳಿಜಾರು ಎಲ್ಲಿ ಬಚ್ಚಲಿಗೆ ಸೇರಬೇಕು ಎಂಬ ತಿಳಿವಳಿಕೆ ಹೆಂಗಸರದು. ಹೊಸ್ತಿಲನ್ನು ದಿನವೂ ತೊಳೆದು ಅರಿಸಿನ ಹಚ್ಚುವವರೂ ಅವರೇ. ಜಾನಪದ ವಿದ್ವಾಂಸರು ಹೊಸ್ತಿಲಿನ ಹಾಡುಗಳನ್ನು ಸಂಗ್ರಹಿಸಿದ್ದೇವೆ. ಒಲೆಯ ಅಳತೆಯನ್ನು ಸಂಗ್ರಹಿಸಿಲ್ಲ.

ಹಾಗಾದರೆ ಇಂದಿನ ವಾಸ್ತು ದಿಕ್ಕುಗಳ ವಾಸ್ತುವಾಗಿ ಏಕೆ ಉಳಿಯಿತು? ನಂಬಿಕೆಯ ಹೆಚ್ಚಳವೆಂದು ಇದನ್ನು ವಿವರಿಸುವುದು ಸುಲಭ, ಆದರೆ ಕಾರಣ ನೆಲದ ಮೇಲೆಯೇ ಇದೆ. ಬಡಾವಣೆಯ ನಿವೇಶನದ ಉದ್ದಗಲ, ರಸ್ತೆ ಇರುವ ಕಡೆ, ಸುತ್ತ ಬಿಡಬೇಕಾದ ಖಾಲಿ ಜಾಗ, ಕಟ್ಟಡದ ಎತ್ತರ ಎಲ್ಲವನ್ನೂ ಕಾನೂನು ಮೊದಲೇ ನಿಗದಿಪಡಿಸಿರುತ್ತದೆ. ನಗರಗಳಲ್ಲಿ ರೂಢಿಯಾಗಿರುವ 20×30, 30×40, 40×60, 50×80 ಅಡಿಯ ನಿವೇಶನಗಳಿಗೆ ಆಯದ ಲೆಕ್ಕ ಹಾಕಿದರೆ ಗುಣಲಬ್ಧಗಳು 600, 1,200, 2,400, 4,000. ಎಲ್ಲವೂ ಎಂಟರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ, ಎಲ್ಲವೂ ಕಾಕಾಯ. ಆಯವನ್ನು ಹಿಡಿದು ಕುಳಿತರೆ ಕಟ್ಟಡದ ಗೋಡೆಗಳನ್ನು ಒಂದೆರಡು ಅಂಗುಲ ಜರುಗಿಸಬಹುದು, ಅಷ್ಟೇ. ಪ್ರಮಾಣದ ಮೇಲಿನ ಹಿಡಿತ ಕೈತಪ್ಪಿದ ಮೇಲೆ ಮನೆಯವನ ಕೈಯಲ್ಲಿ ಉಳಿದದ್ದು ಒಳಗಿನ ಜೋಡಣೆ ಮಾತ್ರ: ಬಾಗಿಲು ಎಲ್ಲಿ, ಒಲೆ ಎಲ್ಲಿ, ಮಂಚದ ತಲೆ ಎಲ್ಲಿ. ಸಲಹೆಗಾರ ಮಾರಬಲ್ಲದ್ದೂ ಅದನ್ನೇ. ಗ್ರಂಥಕಾರರು ಕಂಡಿರದ ಸಂಪು, ಮಾಳಿಗೆಯ ಮೇಲಿನ ಟ್ಯಾಂಕು, ಮಲಗುವ ಕೋಣೆಗೆ ಅಂಟಿದ ಶೌಚಾಲಯ, ಕಾರಿನ ಶೆಡ್ಡು ಇವುಗಳಿಗೂ ದಿಕ್ಕುಗಳು ಹುಟ್ಟಿಕೊಂಡವು. ಇದನ್ನು ಸಮಕಾಲೀನ ಜಾನಪದವೆಂದು ಅಧ್ಯಯನ ಮಾಡುವುದಾದರೆ ನನ್ನ ಆಕ್ಷೇಪವಿಲ್ಲ, ಅದು ಆಗಬೇಕಾದ ಕೆಲಸವೇ. ಪ್ರಾಚೀನ ಶಾಸ್ತ್ರವೆಂಬ ಮುದ್ರೆಯೊಂದಿಗೆ ಅದನ್ನು ಒಪ್ಪಿಕೊಳ್ಳುವುದು ಮಾತ್ರ ಸಾಧ್ಯವಿಲ್ಲ.

ಶಾಸ್ತ್ರದ ವಿನಾಯಿತಿಗಳು ಈ ಮಾರಾಟದಲ್ಲಿ ಕಳೆದುಹೋಗಿರುವುದು ಹೆಚ್ಚು ಗಂಭೀರ. ದಾರಿ, ಮರ, ಮೂಲೆ, ಬಾವಿ, ಕಂಬ ಬಾಗಿಲಿಗೆ ಎದುರಾದರೆ ವೇಧದೋಷವೆಂದು ಬೃಹತ್ಸಂಹಿತೆ ಹೇಳುವುದು ನಿಜ. ಮನೆಯ ಎತ್ತರದ ಎರಡರಷ್ಟು ನೆಲವನ್ನು ನಡುವೆ ಬಿಟ್ಟಿದ್ದರೆ ದೋಷವಿಲ್ಲ ಎಂದು ಅದೇ ಉಸಿರಿನಲ್ಲಿ ಹೇಳುತ್ತದೆ. ಹತ್ತಡಿ ಎತ್ತರದ ಮನೆಗೆ ಇಪ್ಪತ್ತಡಿ ದೂರ ಸಾಕು. ಮನೆಯನ್ನು ಬೆಳೆಸುವುದಾದರೆ ನಾಲ್ಕೂ ಕಡೆ ಸಮನಾಗಿ ಬೆಳೆಸು ಎಂಬ ವಿವೇಕದ ಮಾತೂ ಅಲ್ಲಿದೆ. ರಸ್ತೆ ಎದುರಾಯಿತೆಂದು ಗಟ್ಟಿಯಾದ ಬಾಗಿಲುವಾಡವನ್ನು ಕಿತ್ತು ಗೋಡೆ ಎಬ್ಬಿಸಿದ, ಈಶಾನ್ಯಕ್ಕೆ ಬಂತೆಂದು ಚೆನ್ನಾಗಿದ್ದ ಬಚ್ಚಲನ್ನು ಒಡೆಸಿದ ಮನೆಗಳು ಕ್ಷೇತ್ರಕಾರ್ಯದಲ್ಲಿ ಎಷ್ಟೋ ಕಾಣಸಿಗುತ್ತವೆ. ಇದರೊಂದಿಗೆ ಬರುವ 'ವೈಜ್ಞಾನಿಕ' ಸಮರ್ಥನೆಯೂ ಗ್ರಂಥಕ್ಕೆ ಅನ್ಯವಾದುದೇ. ಅಡುಗೆಮನೆ ಆಗ್ನೇಯದಲ್ಲಿರಬೇಕಾದುದು ಆ ದಿಕ್ಕಿಗೆ ಅಗ್ನಿ ಅಧಿಪತಿ ಎಂಬ ಕಾರಣಕ್ಕೆ. ಕಾಂತಕ್ಷೇತ್ರ, ಸೂರ್ಯನ ಕಿರಣಗಳ ಮಾತು ಗ್ರಂಥದಲ್ಲಿಲ್ಲ. ಕರಾವಳಿಯ ಮನೆಯವರು ಮುಂಗಾರು ಬಡಿಯುವ ಕಡೆಗೆ ಮಡಲ ತಟ್ಟಿ ಕಟ್ಟುವುದಕ್ಕೆ ಅಂತಹ ಸಮರ್ಥನೆಯ ಅಗತ್ಯವೇ ಬೀಳುವುದಿಲ್ಲ, ಒದ್ದೆಯಾದ ಗೋಡೆಯೇ ಕಾರಣ. ಹಾಗೆಂದು ಜನಪದರದೆಲ್ಲ ಶುದ್ಧ ವಿಜ್ಞಾನ ಎಂದು ಸಾಧಿಸಹೊರಡುವುದೂ ಅದೇ ರೋಗದ ಇನ್ನೊಂದು ಲಕ್ಷಣ. ಕಟ್ಟುತ್ತಿರುವ ಮನೆಗೆ ಬೂದುಗುಂಬಳ ಕಟ್ಟುವವನು ದೃಷ್ಟಿ ತಾಗದಿರಲೆಂದು ಕಟ್ಟುತ್ತಾನೆ. ಅದನ್ನು ಹಾಗೆಯೇ ದಾಖಲಿಸಿದರೆ ಸಾಕು.

ನೆಲವನ್ನು ಆರಿಸುವ ಭಾಗದಲ್ಲಿ ವರಾಹಮಿಹಿರ ಹಲವು ಪರೀಕ್ಷೆಗಳನ್ನು ಹೇಳುತ್ತಾನೆ. ಮೊಳದ ಗುಂಡಿ ತೋಡಿ ಅದೇ ಮಣ್ಣನ್ನು ತುಂಬಿದಾಗ ಮಣ್ಣು ಮಿಕ್ಕರೆ ಉತ್ತಮ, ಸಾಲದೆ ಬಂದರೆ ಅಧಮ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬಂದಾಗ ನೀರು ಇಂಗದಿದ್ದರೆ ಒಳ್ಳೆಯದು. ವರ್ಣಕ್ಕೊಂದು ಬಣ್ಣದ ಹೂವನ್ನು ಗುಂಡಿಯಲ್ಲಿಟ್ಟು ನೋಡುವ ಪರೀಕ್ಷೆಯನ್ನೂ ವಿವರಿಸಿ, ಕೊನೆಗೆ ಯಾರ ಮನಸ್ಸು ಎಲ್ಲಿ ಸಂತೋಷಪಡುತ್ತದೆಯೋ ಆ ನೆಲ ಅವರಿಗೆ ಶುಭ ಎಂದುಬಿಡುತ್ತಾನೆ. ವರ್ಣದ ಇಡೀ ಲೆಕ್ಕಾಚಾರ ಈ ಒಂದು ಮಾತಿನಲ್ಲಿ ಸಡಿಲವಾಗುತ್ತದೆ. ಗ್ರಂಥವೂ ತನ್ನೊಳಗೆ ಇಂತಹ ಬಿರುಕುಗಳನ್ನು ಇಟ್ಟುಕೊಂಡಿದೆ ಎಂಬುದನ್ನು ಅದರ ವಿರೋಧಿಗಳೂ ಓದಬೇಕು.

ಜನಪದರ ಮನೆಯ ಅಧ್ಯಯನಕ್ಕೆ ನಾವು ಬಳಸದೆ ಬಿಟ್ಟಿರುವ ಆಕರಗಳಲ್ಲಿ ಮುಖ್ಯವಾದುದು ಹಳೆಯ ಕ್ರಯಪತ್ರ, ಪಾಲುಪತ್ರಗಳು. ಮನೆಗಳನ್ನು ಬಿಚ್ಚಿ ತೊಲೆ ಕಂಬಗಳನ್ನು ಹಳೆಯ ಮರದ ವ್ಯಾಪಾರಿಗಳಿಗೆ ಮಾರಿದ ಮೇಲೂ ಎಷ್ಟೋ ಕುಟುಂಬಗಳಲ್ಲಿ ಈ ಕಾಗದಗಳು ಉಳಿದಿವೆ. ಅವುಗಳಲ್ಲಿ ಮನೆಯನ್ನು ಇಷ್ಟು ಅಂಕಣದ್ದು, ಹೆಂಚಿನದು ಅಥವಾ ಮಾಳಿಗೆಯದು, ಹಿತ್ತಿಲು, ಬಾವಿ, ದನದ ಕೊಟ್ಟಿಗೆ ಸಹಿತವಾದದ್ದು ಎಂದು ವರ್ಣಿಸಿರುತ್ತದೆ. ಅದರ ಕೆಳಗೆ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಅಣ್ಣತಮ್ಮಂದಿರ ಪಾಲಿನ ಹಿತ್ತಿಲು, ದಕ್ಷಿಣಕ್ಕೆ ಊರ ಬಾವಿಗೆ ಹೋಗುವ ದಾರಿ. ನಾಲ್ಕು ದಿಕ್ಕುಗಳೂ ಅಲ್ಲಿ ಬರುತ್ತವೆ, ಪ್ರತಿಯೊಂದಕ್ಕೂ ಒಬ್ಬ ನೆರೆಯವನ ಹೆಸರು ಅಂಟಿಕೊಂಡಿರುತ್ತದೆ.